ಉಚ್ಚಾಟನೆ ಆಯಿತು, ಕುರ್ಚಿ ಹೋಯಿತಾ?

ಯಶವಂತಪುರದ ಎಸ್.ಟಿ. ಸೋಮಶೇಖರ್ ಮತ್ತು ಯಲ್ಲಾಪುರದ ಶಿವರಾಮ ಹೆಬ್ಬಾರ್ ಅವರನ್ನು ಬಿಜೆಪಿ 2025ರ ಮೇ 27ರಂದು ಆರು ವರ್ಷಕ್ಕೆ ಉಚ್ಚಾಟಿಸಿತು. ಇಲ್ಲಿ ದೊಮ್ಮಲೂರಿನಲ್ಲಿ ನಮ್ಮವರ ಹೋಟೆಲು, ಬೇಕರಿಗಳ ಮುಂದೆ ಚಾ ಕುಡಿಯುವವರ ಬಾಯಲ್ಲಿ ಆಗ ಇದೇ ಮಾತು. "ಉಸ್ತಾದ್, ಪಕ್ಷ ಮಾಡಿದ್ದು ಸರಿಯಾ?" ಅಂತ ನನ್ನನ್ನೂ ಕೇಳಿದವರಿದ್ದಾರೆ. ಸರಿ ಅಂತಲೇ ನನ್ನ ಅಭಿಪ್ರಾಯ. ಟಿಕೆಟ್ ಕೊಟ್ಟು, ಚಿಹ್ನೆ ಕೊಟ್ಟು ಗೆಲ್ಲಿಸಿದ ಪಕ್ಷಕ್ಕೆ ಲೆಕ್ಕ ಕೇಳುವ ಹಕ್ಕಿದೆ. ಆದರೆ ಈ ಶಿಕ್ಷೆಯಿಂದ ಅವರಿಬ್ಬರಿಗೆ ಆದ ನಷ್ಟವೇನು ಎಂದು ನೋಡಿದರೆ ಕೈಗೆ ಏನೂ ಸಿಗುವುದಿಲ್ಲ.

2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಸೋಮಶೇಖರ್ ಕಾಂಗ್ರೆಸ್ಸಿಗೆ ಓಟು ಹಾಕಿದರು, ಹೆಬ್ಬಾರ್ ಓಟಿಗೇ ಬರಲಿಲ್ಲ. ಅದಕ್ಕೆ ಪಕ್ಷ ಶಿಕ್ಷೆ ಕೊಟ್ಟದ್ದು ಹದಿನೈದು ತಿಂಗಳ ನಂತರ. ಉಚ್ಚಾಟನೆಯಾದ ಮರುದಿನವೂ ಇಬ್ಬರೂ ಶಾಸಕರೇ. ಸಂಬಳ, ಕ್ಷೇತ್ರದ ಅನುದಾನ, ಸದನದಲ್ಲಿ ಕುರ್ಚಿ ಎಲ್ಲ ಹಾಗೆಯೇ. ನಮ್ಮ ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಗಲ್ಲಾದಲ್ಲಿ ಕೂರಿಸಿದ ಹುಡುಗ ಪಕ್ಕದ ಹೋಟೆಲಿಗೆ ಗಿರಾಕಿ ಕಳಿಸಿದ ಅಂತ ಧಣಿ ಅವನನ್ನು ಕೆಲಸದಿಂದ ತೆಗೆದ, ಆದರೆ ಗಲ್ಲಾದ ಬೀಗದಕೈ ಮಾತ್ರ ಹುಡುಗನ ಜೇಬಿನಲ್ಲೇ ಉಳಿಯಿತು.

ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಶೆಡ್ಯೂಲ್ ಸೇರಿಸಿದರು, ಅದೇ ಪಕ್ಷಾಂತರ ನಿಷೇಧ. ಆದರೆ ರಾಜ್ಯಸಭೆ ಚುನಾವಣೆಯ ಓಟು ಅದರೊಳಗೆ ಬರುವುದಿಲ್ಲ, ಅಡ್ಡ ಮತದಾನ ಮಾಡಿದ ಮಾತ್ರಕ್ಕೆ ಸ್ಥಾನ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಪಕ್ಷದ ಏಜೆಂಟನಿಗೆ ತೋರಿಸಿಯೇ ಓಟು ಹಾಕಬೇಕು, ಎಲ್ಲರೂ ನೋಡುತ್ತಾರೆ, ಆದರೂ ಕುರ್ಚಿಗೆ ಏನೂ ಆಗುವುದಿಲ್ಲ. ಪಕ್ಷದ ಕೈಯಲ್ಲಿ ಉಳಿಯುವುದು ಉಚ್ಚಾಟನೆ ಒಂದೇ.

ಈ ಪುಟ ಓದುವ ಮನೆಗಳಲ್ಲಿ ಕೆಲವರಿಗಾದರೂ 2016ರ ಜೂನ್ ನೆನಪಿರಬೇಕು. ಆ ರಾಜ್ಯಸಭಾ ಚುನಾವಣೆಗೆ ಜೆಡಿಎಸ್ ನಿಲ್ಲಿಸಿದ್ದು ನಮ್ಮ ಮಂಗಳೂರಿನ ಬಿ.ಎಂ. ಫಾರೂಕ್ ಅವರನ್ನು. ಅವರ ಪಕ್ಷದ ಎಂಟು ಶಾಸಕರು ಕಾಂಗ್ರೆಸ್ಸಿನ ಮೂರನೇ ಅಭ್ಯರ್ಥಿ ಕೆ.ಸಿ. ರಾಮಮೂರ್ತಿಗೆ ಓಟು ಹಾಕಿದರು. ಫಾರೂಕ್ ಸೋತರು. ಆ ಎಂಟರಲ್ಲಿ ಚಾಮರಾಜಪೇಟೆಯ ಜಮೀರ್ ಅಹ್ಮದ್ ಖಾನ್, ಗಂಗಾವತಿಯ ಇಕ್ಬಾಲ್ ಅನ್ಸಾರಿ, ನಮಗೆ ಹತ್ತಿರದ ಪುಲಕೇಶಿನಗರದ ಅಖಂಡ ಶ್ರೀನಿವಾಸಮೂರ್ತಿ ಇದ್ದರು. ಜೆಡಿಎಸ್ ಎಂಟೂ ಜನರನ್ನು ಅಮಾನತು ಮಾಡಿತು, ಸ್ಪೀಕರ್‌ಗೆ ದೂರು ಕೊಟ್ಟಿತು. ದೂರು ತೀರ್ಮಾನ ಆಗಲೇ ಇಲ್ಲ. ಅವರಲ್ಲಿ ಏಳು ಜನ 2018ರ ಚುನಾವಣೆ ಹೊಸ್ತಿಲಿಗೆ ಬಂದ ಮೇಲೆ, ಮಾರ್ಚ್‌ನಲ್ಲಿ, ತಾವಾಗಿಯೇ ರಾಜೀನಾಮೆ ಬಿಸಾಡಿ ಕಾಂಗ್ರೆಸ್ ಸೇರಿದರು. ಎರಡು ವರ್ಷ ಒಂದು ಪಕ್ಷದ ಹೆಸರಿನಲ್ಲಿ ಸಂಬಳ ತಗೊಂಡು ಇನ್ನೊಂದು ಪಕ್ಷದ ಕೆಲಸ! ಇದರ ಬಾಲ ಇನ್ನೂ ಇದೆ. ಹೀಗೆ ಅಡ್ಡ ಓಟಿನಿಂದ ಗೆದ್ದ ರಾಮಮೂರ್ತಿಯವರು 2019ರ ಅಕ್ಟೋಬರಿನಲ್ಲಿ ಕಾಂಗ್ರೆಸ್ಸಿನ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ, ಡಿಸೆಂಬರಿನಲ್ಲಿ ಅವಿರೋಧವಾಗಿ ಮತ್ತೆ ರಾಜ್ಯಸಭೆಗೆ ಹೋದರು.

ಸೋತದ್ದು ನಮ್ಮ ಸಮುದಾಯದವರು ಎಂದು ನಾನು ಇದನ್ನು ಎತ್ತಿದ್ದಲ್ಲ. 2016ರಲ್ಲಿ ಆ ಎಂಟು ಜನರನ್ನು ದ್ರೋಹಿಗಳು ಅಂತ ನಮ್ಮಲ್ಲಿ ಎಷ್ಟು ಮಂದಿ ಕರೆದರು? "ಜಮೀರ್ ಸಾಹೇಬರು ಗಟ್ಟಿಗರು" ಅಂದವರೇ ಜಾಸ್ತಿ. ಅದೇ ಬಾಯಿಂದ 2019ರಲ್ಲಿ ಬಿಜೆಪಿ ಕಡೆ ಹೋದವರಿಗೆ ಬೈಗುಳ. ಯಾವ ಕಡೆಗೆ ಹಾರಿದರು ಎಂದು ನೋಡಿ ತೀರ್ಪು ಕೊಡುವ ಈ ಅಭ್ಯಾಸ ಇರುವ ತನಕ ಪಕ್ಷದವರಿಗೆ ಹೆದರಿಕೆ ಯಾಕೆ ಬರುತ್ತದೆ ಮಾರಾಯ್ರೆ?

2019ರ ಕತೆ ನಮ್ಮ ಅಕ್ಕಪಕ್ಕದ್ದೇ. ದೊಮ್ಮಲೂರು ಶಾಂತಿನಗರ ಕ್ಷೇತ್ರದಲ್ಲಿದೆ, ಹಾಗಾಗಿ ನಮಗೆ ಉಪಚುನಾವಣೆ ಬರಲಿಲ್ಲ. ಶಿವಾಜಿನಗರಕ್ಕೂ ಕೆ.ಆರ್. ಪುರಕ್ಕೂ ಬಂತು. ಶಿವಾಜಿನಗರದ ರೋಷನ್ ಬೇಗ್ ಪಕ್ಷದ ನಾಯಕರ ಮೇಲೆ ಬಹಿರಂಗವಾಗಿ ಹರಿಹಾಯ್ದರು ಎಂದು ಕಾಂಗ್ರೆಸ್ ಜೂನ್‌ನಲ್ಲಿ ಅವರನ್ನು ಅಮಾನತು ಮಾಡಿತು, ಜುಲೈಯಲ್ಲಿ ಅವರು ರಾಜೀನಾಮೆ ಕೊಟ್ಟರು. ಕೆ.ಆರ್. ಪುರದ ಬೈರತಿ ಬಸವರಾಜ್ ಕೂಡ ಅದೇ ಸಾಲಿನಲ್ಲಿ. ಒಟ್ಟು ಹದಿನೇಳು ಜನರನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದರು. ಸೋಮಶೇಖರ್ ಮತ್ತು ಹೆಬ್ಬಾರ್ ಇಬ್ಬರೂ ಆ ಹದಿನೇಳರಲ್ಲೇ ಇದ್ದವರು! ಕಾಂಗ್ರೆಸ್ಸಿಗೆ ಕೈಕೊಟ್ಟಾಗ ಬಿಜೆಪಿಯವರು ಹಾರ ಹಾಕಿ ಸ್ವಾಗತಿಸಿ ಮಂತ್ರಿ ಮಾಡಿದವರನ್ನೇ, ತಮಗೆ ಕೈಕೊಟ್ಟಾಗ ಶಿಸ್ತು ಅಂತ ಹೊರಗೆ ಹಾಕಿದ್ದಾರೆ. ಕಾಂಗ್ರೆಸ್ಸಿಗೂ ಈ ವಿಷಯದಲ್ಲಿ ಬಾಯಿಲ್ಲ, 2016ರ ಎಂಟು ಜನರ ಓಟಿನ ಲಾಭ ತಿಂದದ್ದು ಅದೇ.

ಆ ಅನರ್ಹತೆಯನ್ನು ಸುಪ್ರೀಂ ಕೋರ್ಟು 2019ರ ನವೆಂಬರ್ 13ರಂದು ಎತ್ತಿ ಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವ ತನಕ ನಿಲ್ಲಬಾರದು ಎಂದ ಸ್ಪೀಕರ್ ಆದೇಶವನ್ನು ತೆಗೆದುಹಾಕಿತು. ಡಿಸೆಂಬರಿನಲ್ಲಿ ಹದಿಮೂರು ಜನ ಬಿಜೆಪಿ ಟಿಕೆಟ್ಟಿನಲ್ಲಿ ನಿಂತು ಹನ್ನೊಂದು ಜನ ಗೆದ್ದರು, ಅವರಲ್ಲಿ ಹತ್ತು ಮಂದಿ 2020ರ ಫೆಬ್ರವರಿ 6ರಂದು ಮಂತ್ರಿಗಳಾದರು. ಬೇಗ್ ಅವರಿಗೆ ಬಿಜೆಪಿ ಟಿಕೆಟ್ ಸಿಗಲಿಲ್ಲ, ಶಿವಾಜಿನಗರ ಕಾಂಗ್ರೆಸ್ಸಿನ ರಿಜ್ವಾನ್ ಅರ್ಷದ್ ಪಾಲಾಯಿತು. ಜನರೇ ಗೆಲ್ಲಿಸಿದರಲ್ಲ, ಇನ್ನು ನಿಮ್ಮದೇನು ತಕರಾರು ಅಂತ ಕೆಲವರು ಕೇಳುತ್ತಾರೆ. ಗೆದ್ದ ಹನ್ನೊಂದು ಜನರ ಬಗ್ಗೆ ನನಗೆ ತಕರಾರಿಲ್ಲ. ಮನಸ್ಸಿಗೆ ಹಿಡಿಸದಿರಬಹುದು, ಆದರೆ ಮತದಾರನ ಬಾಗಿಲಿಗೆ ವಾಪಸ್ ಹೋಗಿ ಕೇಳಿ ತಂದರು. ತಕರಾರು ಇರುವುದು ಸೋತವರದ್ದು. ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಅವರನ್ನು ಜನ ಬೇಡ ಅಂದರು. ಅವರು ವಿಧಾನ ಪರಿಷತ್ತಿನ ಹಿಂಬಾಗಿಲಿಂದ ಬಂದು 2021ರ ಜನವರಿಯಲ್ಲಿ ಮಂತ್ರಿಯಾದರು. ಹಾಗಾದರೆ ಹೊಸಕೋಟೆಯವರ ಓಟಿಗೆ ಏನು ಬೆಲೆ?

ಇನ್ನೊಂದು ಮಾತು ಮರೆಯಬಾರದು. ಪಕ್ಷಕ್ಕೆ ಶಿಕ್ಷೆಯ ಕೋಲು ಕೊಟ್ಟರೆ ಅದು ಬಾಯಿ ಬಿಟ್ಟವರ ಬೆನ್ನಿಗೂ ಬೀಳುತ್ತದೆ. ವಿಜಯಪುರದ ಯತ್ನಾಳರನ್ನು ಬಿಜೆಪಿ 2025ರ ಮಾರ್ಚಿನಲ್ಲಿ ಆರು ವರ್ಷಕ್ಕೆ ಹೊರಹಾಕಿತು. ಅವರ ಮಾತುಗಳು ನಮ್ಮ ಸಮುದಾಯಕ್ಕೆ ಎಷ್ಟು ನೋವು ಕೊಟ್ಟಿವೆ ಎಂದು ನಾನು ಹೇಳಬೇಕಾಗಿಲ್ಲ. ಆದರೆ ಪಕ್ಷ ಅವರನ್ನು ತೆಗೆದದ್ದು ಆ ಮಾತುಗಳಿಗಲ್ಲ, ಸ್ವಂತ ನಾಯಕರನ್ನು ಟೀಕಿಸಿದ್ದಕ್ಕೆ. ನಾಯಕನನ್ನು ಟೀಕಿಸುವುದು ದ್ರೋಹ ಅಲ್ಲ, ಆ ಲೆಕ್ಕದಲ್ಲಿ ರೋಷನ್ ಬೇಗ್ ಆಡಿದ ಮಾತೂ ದ್ರೋಹ ಅಲ್ಲ. ಬ್ರಿಟನ್ನಿನ ಲೇಬರ್ ಪಕ್ಷ 2024ರ ಜುಲೈಯಲ್ಲಿ, ಬಡ ಮಕ್ಕಳ ಭತ್ಯೆಯ ವಿಷಯದಲ್ಲಿ ಸರ್ಕಾರದ ವಿರುದ್ಧ ಓಟು ಹಾಕಿದ ಏಳು ಸಂಸದರನ್ನು ಆರು ತಿಂಗಳಿಗೆ ಅಮಾನತು ಮಾಡಿತು. ಆ ಏಳು ಜನ ಸರ್ಕಾರ ಉರುಳಿಸಲು ಹೊರಟವರಲ್ಲ, ರೆಸಾರ್ಟಿಗೂ ಹೋದವರಲ್ಲ. ಮನಸ್ಸಾಕ್ಷಿಯ ಓಟಿಗೂ ಎದುರು ಪಕ್ಷದವರ ಜೊತೆ ಕುದುರಿಸಿಕೊಂಡ ಓಟಿಗೂ ಇರುವ ವ್ಯತ್ಯಾಸ ಚಾ ಅಂಗಡಿಯಲ್ಲಿ ಕೂತವನಿಗೂ ಗೊತ್ತಾಗುತ್ತದೆ, ಪಕ್ಷದ ಶಿಸ್ತು ಸಮಿತಿಗೆ ಮಾತ್ರ ಗೊತ್ತಾಗುವುದಿಲ್ಲ.

ಓಟು ಅಮಾನತ್ತು ಅಂತ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಶಾಸಕನ ಕೈಗೆ ಅದನ್ನು ಒಪ್ಪಿಸಿದ್ದು ಪಕ್ಷ ಅಲ್ಲ, ಮತದಾರ. ಹಾಗಾಗಿ ವಾಪಸ್ ಕೇಳುವವನೂ ಅವನೇ ಆಗಬೇಕು. ಪಕ್ಷದ ಕೆಲಸ ಉಚ್ಚಾಟನೆಗೆ ಮುಗಿಯಬಾರದು, ಸ್ಥಾನ ಖಾಲಿಯಾಗಿ ಉಪಚುನಾವಣೆ ಆಗುವ ತನಕ ಹೋಗಬೇಕು. ಅದಕ್ಕೆ ರಾಜ್ಯಸಭೆಯ ಓಟನ್ನೂ ಕಾನೂನಿನೊಳಗೆ ತರಬೇಕು. ಸ್ಪೀಕರ್ ಮುಂದೆ ಬಂದ ದೂರು ವಿಶೇಷ ಕಾರಣ ಇಲ್ಲದಿದ್ದರೆ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಮಣಿಪುರದ ಪ್ರಕರಣದಲ್ಲಿ ಹೇಳಿದ್ದು ಕಾಗದದಲ್ಲೇ ಕೂರಬಾರದು. ಸೋತವನನ್ನು ಅದೇ ಅವಧಿಯಲ್ಲಿ ಪರಿಷತ್ತಿನ ಮೂಲಕ ಮಂತ್ರಿ ಮಾಡುವ ದಾರಿಯನ್ನೂ ಮುಚ್ಚಬೇಕು.

ಇದೆಲ್ಲ ದಿಲ್ಲಿಯಲ್ಲಿ ಆಗಬೇಕಾದ ಕೆಲಸ, ನಮ್ಮ ಕೈಯಲ್ಲಿ ಏನಿದೆ ಅನ್ನಬೇಡಿ. ಬೆಂಗಳೂರಿನ ಪಾಲಿಕೆಯಲ್ಲಿ 2020ರ ಸೆಪ್ಟೆಂಬರಿಗೆ ಕಾರ್ಪೊರೇಟರ್‌ಗಳ ಅವಧಿ ಮುಗಿದಿದೆ. ಪಾಲಿಕೆ ಸದಸ್ಯರಿಗೂ ರಾಜ್ಯದಲ್ಲಿ 1987ರಿಂದಲೇ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಓಟು ಕೇಳಿಕೊಂಡು ದೊಮ್ಮಲೂರಿನ ಗಲ್ಲಿಗಳಿಗೆ ಯಾವ ಪಕ್ಷದವರು ಬಂದರೂ ಅಭ್ಯರ್ಥಿಯನ್ನೂ ಅವನ ಜೊತೆ ಬಂದ ದೊಡ್ಡವರನ್ನೂ ನಿಲ್ಲಿಸಿ ಒಂದು ಮಾತು ಕೇಳಿ: ನೀವು ಪಕ್ಷ ಬಿಡುವುದಾದರೆ ಅದೇ ದಿನ ಸ್ಥಾನವನ್ನೂ ಬಿಡುತ್ತೀರಾ, ಬೇರೆಯವರು ಸ್ಥಾನ ಬಿಡದೆ ಬಂದರೆ ಬಾಗಿಲು ಹಾಕುತ್ತೀರಾ? ಸಲಾಂ ಹೇಳಿ ಜಾರಿಕೊಳ್ಳಲು ಬಿಡಬೇಡಿ, ಉತ್ತರ ಹೇಳಿಸಿಯೇ ಕಳಿಸಿ.