ಬಿಸಿಲಿನ ಪಾಠ ಬೇಸಿಗೆಗೆ ಮುಂಚೆ ಆಗಲಿ

ಕಳೆದ ಏಪ್ರಿಲ್ ತಿಂಗಳಲ್ಲಿ ಹುನಗುಂದ ಕಡೆಯ ಹಳ್ಳಿಯೊಂದರಿಂದ ಎಂಟನೆಯ ತರಗತಿಯ ಹುಡುಗನನ್ನು ನನ್ನ ದವಾಖಾನೆಗೆ ಕರೆತಂದರು. ಶಾಲೆಗೆ ರಜೆಯೆಂದು ತಂದೆಯೊಡನೆ ಹೊಲಕ್ಕೆ ಹೋಗಿದ್ದ. ತಲೆನೋವು, ವಾಂತಿ, ಕಾಲುಗಳಲ್ಲಿ ಸೆಳೆತ. ‘ಬಿಸಲ ಬಡದೈತ್ರಿ ಡಾಕ್ಟರ್ ಸಾಹೇಬ್ರ’ ಎಂದರು ತಾಯಿ. ಸಲೈನ್ ಹಚ್ಚಿದ ಮೇಲೆ ಚೇತರಿಸಿಕೊಂಡ. ‘ಭೂಮಿ ಬಿಸಿ ಆಗಾಕತ್ತೇತಿ ಅಂತಾರಲ್ಲ, ಸಾಲ್ಯಾಗ ಏನ್ ಹೇಳ್ಯಾರ?’ ಎಂದು ಕೇಳಿದೆ. ಧ್ರುವಗಳ ಹಿಮ ಕರಗುವುದನ್ನೂ ಸಮುದ್ರಮಟ್ಟ ಏರುವುದನ್ನೂ ತಡವರಿಸದೆ ಹೇಳಿದ. ‘ಬಿಸಲಾಗ ತಲಿ ಸುತ್ತಿದ್ರ ಏನ್ ಮಾಡಬೇಕು?’ ಎಂದಾಗ ಮಾತ್ರ ತಾಯಿಯ ಮುಖ ನೋಡಿದ.

ತಪ್ಪು ಹುಡುಗನದಲ್ಲ. ಪರಿಸರ ವಿಷಯವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಪಾಠ ಪುಸ್ತಕಕ್ಕೇನೋ ಬಂದಿತು, ಆದರೆ ನಮ್ಮ ಊರಿಗೆ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ.

‘ನಮ್ಮ ಸೀಮೆಯ ಬಿಸಿಲು ಅಜ್ಜ-ಮುತ್ತಜ್ಜರ ಕಾಲದಿಂದಲೂ ಇದೆಯಲ್ಲ’ ಎಂದು ನೀವು ಕೇಳಬಹುದು. ನಿಜ. ಒಂದು ದಿನದ ಉರಿಬಿಸಿಲನ್ನು ನೋಡಿ ಹವಾಮಾನ ಬದಲಾಯಿತೆನ್ನಲೂ ಆಗದು. ಅದಕ್ಕೆ 30 ವರ್ಷಗಳ ಸರಾಸರಿ ಬೇಕು. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಭೂಮಿಗೆ ಹೊದಿಸಿದ ಕಂಬಳಿಯಿದ್ದಂತೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 280 ಭಾಗವಿತ್ತು. ಈಗ 420ನ್ನು ದಾಟಿದೆ. ಕಂಬಳಿ ದಪ್ಪವಾದಂತೆ ಒಳಗಿನ ಬಿಸಿ ಹೊರಹೋಗದು. ದಾಖಲೆ ಇಡಲು ತೊಡಗಿದ ಮೇಲೆ ಜಗತ್ತು ಕಂಡ ಅತಿ ಬಿಸಿಯ ವರ್ಷ 2024. ಹಳೆಯ ಬಿಸಿಲಿನ ಮೇಲೆ ಈ ಹೊಸ ಬಿಸಿ ಸೇರುತ್ತಿದೆ.

ನಮ್ಮ ದೇಹ ಬೆವರು ಆರಿಸಿ ತಂಪಾಗುತ್ತದೆ. ನೀರು, ಉಪ್ಪು ಕಡಿಮೆಯಾದರೆ ಈ ವ್ಯವಸ್ಥೆ ಸೋಲುತ್ತದೆ. ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿಯಿದೆ. ಒಳ್ಳೆಯದೇ. ಆದರೆ ಇಳಕಲ್ಲಿನ ಗ್ರಾನೈಟ್ ಕ್ವಾರಿಯ ಕೂಲಿಗೆ, ಬಾದಾಮಿಯ ಬಂಡೆಗಳ ನಡುವೆ ತಿರುಗಿ ಮಾರುವವನಿಗೆ, ಹೊಲದಲ್ಲಿ ದುಡಿಯುವ ತಾಯಂದಿರಿಗೆ ಇಂಥ ವೇಳಾಪಟ್ಟಿ ಬರೆದುಕೊಡುವವರು ಯಾರು? ಇವರ ಮನೆಯಲ್ಲಿ ಓದುಬಲ್ಲವರೆಂದರೆ ಹಲವು ಸಲ ಶಾಲೆಗೆ ಹೋಗುವ ಮಗು ಮಾತ್ರ.

ಆದ್ದರಿಂದ ಈ ಪಾಠ ಫೆಬ್ರವರಿಯಲ್ಲೇ ಆಗಬೇಕು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿರುತ್ತದೆ. ಶಾಲೆಯ ಪಡಸಾಲೆಯ ನೆರಳಿನಲ್ಲಿ ಒಂದು ಉಷ್ಣತಾಮಾಪಕ ತೂಗುಹಾಕಿ. ಮಕ್ಕಳು ದಿನವೂ ಮಧ್ಯಾಹ್ನ 2 ಗಂಟೆಗೆ ನೋಡಿ ಬರೆದಿಡಲಿ. 2009 ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿದಾಗ ಏನಾಯಿತು, ಕುಡಿಯುವ ನೀರಿಗೆ ಏನು ಮಾಡಿದಿರಿ ಎಂದು ಹಿರಿಯರನ್ನು ಕೇಳಿ ಬರಲಿ.

ಜೊತೆಗೆ ಇಷ್ಟನ್ನು ಬಾಯಿಪಾಠ ಮಾಡಿಸಿ. ಬಾಯಾರುವ ಮುಂಚೆಯೇ ನೀರು ಕುಡಿಯಬೇಕು. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದು. ತಲೆ ಸುತ್ತಿದರೆ ನೆರಳಿಗೆ ಬರಬೇಕು. ವಾಂತಿಭೇದಿಯಾದರೆ ಓಆರ್‌ಎಸ್, ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೈ ಕೆಂಡದಂತೆ ಸುಡುತ್ತ ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಇದು ಪ್ರಾಣಕ್ಕೆ ಎರವಾಗುವ ಸ್ಥಿತಿ.

ಹಿಮ ಕರಗುವ ಪಾಠ ಬೇಡವೆನ್ನುತ್ತಿಲ್ಲ. ಕಾರಣ ತಿಳಿದ ಮಗು ನಾಳೆ ಕಂಬಳಿಯನ್ನು ತೆಳುಮಾಡುವ ದಾರಿ ಹುಡುಕೀತು. ಆದರೆ ಅದಕ್ಕೆ ಮೊದಲು ಆ ಮಗು ಈ ಬೇಸಿಗೆಯನ್ನು ಆರೋಗ್ಯದಿಂದ ದಾಟಬೇಕು. ಶಿಕ್ಷಕರಲ್ಲೂ ಪಾಲಕರಲ್ಲೂ ನನ್ನ ವಿನಂತಿ ಇಷ್ಟೇ: ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗುವನ್ನು ನಾನು ಕೇಳಿದ ಎರಡನೆಯ ಪ್ರಶ್ನೆ ಕೇಳಿ ನೋಡಿ.