ಹಳೆಯ ಸ್ಪ್ರಿಂಗನ್ನು ಗುಜರಿಗೆ ಹಾಕುವ ಮುನ್ನ

ಹಳೆಯ ಮೋಟಾರು ಕಾರೊಂದು ಮೆರುಗಿಟ್ಟು ಪ್ರದರ್ಶನದಲ್ಲಿ ನಿಂತಿದ್ದರೆ ಜನರು ಅದರ ಸುತ್ತ ನೆರೆಯುತ್ತಾರೆ. ಬಣ್ಣವನ್ನು ಹೊಗಳುತ್ತಾರೆ, ದೀಪಗಳ ಅಂದವನ್ನು ಮೆಚ್ಚುತ್ತಾರೆ, ಬಾನೆಟ್ಟನ್ನು ಎತ್ತಿಸಿ ಎಂಜಿನ್ನನ್ನು ನೋಡುತ್ತಾರೆ. ಬಗ್ಗಿ ಅದರ ಸ್ಪ್ರಿಂಗುಗಳನ್ನು ನೋಡುವವರು ವಿರಳ. ಆದರೆ ಆ ಕಾರು ಅಂದು ಓಡಿದಂತೆಯೇ ಇಂದೂ ಓಡುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ಕಣ್ಣಿಗೆ ಬೀಳದ ಈ ಭಾಗಗಳನ್ನೇ ಅವಲಂಬಿಸಿದೆ.

ನಮ್ಮ ದೇಶದಲ್ಲೇ ತಯಾರಾದ ಒಂದು ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮುಂಬಯಿಯ ಕುರ್ಲಾದಲ್ಲಿ ೧೯೬೪ರಿಂದ ತಯಾರಾಗತೊಡಗಿದ ಫಿಯೆಟ್ ೧೧೦೦ ಡಿಲೈಟ್ ಕಾರು ೧೯೭೦ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರನ್ನು ಪಡೆಯಿತು. ಇದರ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗು, ಹಿಂದಿನ ಅಚ್ಚಿಗೆ ಕಮಾನು ಪಟ್ಟಿಗಳು. ಇದರ ತಯಾರಿಕೆ ನಿಂತು ಎರಡು ದಶಕಗಳು ಕಳೆದಿವೆ. ಮುಂಬಯಿಯ ಟ್ಯಾಕ್ಸಿಗಳಲ್ಲಿ ಉಳಿದಿದ್ದ ಪದ್ಮಿನಿಗಳ ಸೇವೆಯೂ ೨೦೨೩ರಲ್ಲಿ ಮುಗಿಯಿತು. ದಿನವೂ ಓಡುವ ಕಾರುಗಳಿದ್ದಲ್ಲಿ ಬಿಡಿಭಾಗಗಳಿಗೆ ಗಿರಾಕಿಗಳಿರುತ್ತಾರೆ. ಗಿರಾಕಿಗಳಿಲ್ಲದ ಭಾಗವನ್ನು ಯಾವ ಅಂಗಡಿಯವನೂ ಬಹುಕಾಲ ಇಟ್ಟುಕೊಂಡಿರಲಾರ. ಆದುದರಿಂದ ಇಂತಹ ಕಾರಿನ ಸ್ಪ್ರಿಂಗು ಕುಸಿದರೆ ಒಡೆಯನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ ಶಿವಾಜಿನಗರದ ಗುಜರಿಯಲ್ಲಿಯೂ ಅಲೆಯಬೇಕಾಗುತ್ತದೆ.

ಹಾಗೆ ಅಲೆದು ಸೋತವನ ಮುಂದೆ ಮೂರು ಸುಲಭೋಪಾಯಗಳು ಬರುತ್ತವೆ. ಹೊರನೋಟಕ್ಕೆ ಹೋಲುವ ಬೇರೊಂದು ಕಾರಿನ ಸ್ಪ್ರಿಂಗನ್ನು ತೊಡಿಸುವುದು ಮೊದಲನೆಯದು. ಉದ್ದವಾದ ಸ್ಪ್ರಿಂಗು ಸಿಕ್ಕಿದರೆ ಒಂದು ಸುತ್ತನ್ನು ಕತ್ತರಿಸಿ ಕೂರಿಸುವುದು ಎರಡನೆಯದು. ಹತ್ತಿರ ಹತ್ತಿರದ ದಪ್ಪದ ಸರಳನ್ನು ಕಾಯಿಸಿ ಹೊಸದಾಗಿ ಸುತ್ತಿಸುವುದು ಮೂರನೆಯದು. ಮೂರರಲ್ಲಿಯೂ ಕಣ್ಣಂದಾಜೇ ಪ್ರಮಾಣ. ಸ್ಪ್ರಿಂಗಿನ ವಿಷಯದಲ್ಲಿ ಕಣ್ಣನ್ನು ನಂಬಕೂಡದು ಎಂಬುದು ನಮ್ಮ ಅಭಿಪ್ರಾಯ.

ಕಾರಣವನ್ನು ನೋಡೋಣ. ಸ್ಪ್ರಿಂಗಿನ ಮೇಲಿನ ಬಲ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಅದರ ಕುಗ್ಗುವಿಕೆಯೂ ಹೆಚ್ಚುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ ೧೬೭೮ರಲ್ಲಿ ವಿವರಿಸಿದನು. ಒಂದು ಮಿಲಿಮೀಟರು ಕುಗ್ಗಿಸಲು ಎಷ್ಟು ಬಲ ಬೇಕೋ ಅದೇ ಸ್ಪ್ರಿಂಗಿನ ಬಿಗಿತ. ಸುರುಳಿ ಕುಗ್ಗುವಾಗ ಅದರ ಸರಳು ವಾಸ್ತವವಾಗಿ ತಿರುಚಿಕೊಳ್ಳುತ್ತದೆ. ಈ ಕಾರಣದಿಂದ ಬಿಗಿತವು ಸರಳಿನ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿಯೂ, ಸುರುಳಿಯ ವ್ಯಾಸದ ಘನಕ್ಕೆ ಮತ್ತು ಸುತ್ತುಗಳ ಸಂಖ್ಯೆಗೆ ವಿಲೋಮಾನುಪಾತದಲ್ಲಿಯೂ ಇರುತ್ತದೆ. ೧೨ ಮಿಲಿಮೀಟರಿನ ಸರಳಿಗೆ ಬದಲಾಗಿ ೧೨.೬ ಮಿಲಿಮೀಟರಿನದನ್ನು ಬಳಸಿದರೆ ದಪ್ಪದ ವ್ಯತ್ಯಾಸ ಶೇಕಡ ೫ ಮಾತ್ರ. ಬಿಗಿತದ ವ್ಯತ್ಯಾಸವಾದರೋ ಶೇಕಡ ೨೧ಕ್ಕೂ ಹೆಚ್ಚು! ಎಂಟು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಸ್ಪ್ರಿಂಗು ಗಿಡ್ಡವಾಗುವುದಷ್ಟೇ ಅಲ್ಲ, ಸುಮಾರು ಶೇಕಡ ೧೪ರಷ್ಟು ಬಿಗಿಯೂ ಆಗುತ್ತದೆ. ಅದನ್ನು ಗ್ಯಾಸಿನ ಜ್ವಾಲೆಯಿಂದ ಕತ್ತರಿಸಿದರಂತೂ ಸುತ್ತಲಿನ ಉಕ್ಕಿನ ಹದವೇ ಕೆಡುತ್ತದೆ.

ಹಾಗಾದರೆ ಸರಿಯಾದ ಅಳತೆಯನ್ನು ಎಲ್ಲಿಂದ ತರುವುದು? ಇಲ್ಲಿಯೇ ಬಹುಮಂದಿ ಎಡವುತ್ತಾರೆ. ಹಳೆಯ ಸ್ಪ್ರಿಂಗು "ಸತ್ತುಹೋಯಿತು", ಅದರ ಬಿಗಿತ ಕರಗಿಹೋಯಿತು ಎಂದು ಅವರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗು ಶಾಶ್ವತವಾಗಿ ಸ್ವಲ್ಪ ಕುಸಿಯುತ್ತದೆ, ಎಂದರೆ ಅದರ ಉದ್ದ ಕಡಮೆಯಾಗುತ್ತದೆ. ಆದರೆ ಉಕ್ಕು ತಿರುಚುವಿಕೆಯನ್ನು ಎದುರಿಸುವ ಗುಣ ವಯಸ್ಸಿನಿಂದ ಬದಲಾಗುವುದಿಲ್ಲ. ತುಕ್ಕು ತಿಂದು ಸರಳು ಸವೆದಿಲ್ಲವಾದರೆ, ಕುಸಿದ ಸ್ಪ್ರಿಂಗಿನ ಬಿಗಿತ ಹೊಸದಾಗಿದ್ದಾಗ ಇದ್ದಷ್ಟೇ ಇರುತ್ತದೆ. ಮುರಿದದ್ದಾದರೂ ಚೂರುಗಳನ್ನು ಜೋಡಿಸಿಟ್ಟರೆ ಸರಳಿನ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆ ಮೂರನ್ನೂ ಅಳೆಯಬಹುದು. ನಷ್ಟವಾಗಿರುವುದು ಮೂಲದ ಉದ್ದವೊಂದೇ. ಅದನ್ನು ತಯಾರಕರ ಕೈಪಿಡಿಯಿಂದಲೋ, ಇಲ್ಲವಾದರೆ ಚಕ್ರದ ಮೇಲಿನ ಭಾರ, ತೋಳುಗಳ ಸನ್ನೆಯ ಅನುಪಾತ ಮತ್ತು ಕಾರು ನಿಲ್ಲಬೇಕಾದ ಎತ್ತರ ಇವುಗಳಿಂದ ಲೆಕ್ಕ ಹಾಕಿಯೋ ಪಡೆಯಬಹುದು. ಹೊಸದು ಬಂದೊಡನೆ ಹಳೆಯದನ್ನು ಗುಜರಿಗೆ ಹಾಕುವವನು ಕಬ್ಬಿಣವನ್ನಲ್ಲ, ಸಾಕ್ಷ್ಯವನ್ನೇ ಮಾರಿದಂತಾಯಿತು.

ಅಳತೆ ಸರಿಯಾದರೆ ಸಾಕೆ? ಸಾಲದು. ಸುತ್ತಿದ ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಮಿತವಾಗಿ ಕಾಯಿಸಿ ಹದಗೊಳಿಸಬೇಕು. ಈ ಹದವು ಬಿಗಿತವನ್ನು ಹೆಚ್ಚು ಕಡಮೆ ಮಾಡುವುದಿಲ್ಲ; ಭಾರಕ್ಕೆ ಕುಸಿಯದೆ ನಿಲ್ಲುವ ಶಕ್ತಿಯನ್ನು ಕೊಡುತ್ತದೆ. ಹದವಿಲ್ಲದ ಸ್ಪ್ರಿಂಗೂ ಹದವಾದ ಸ್ಪ್ರಿಂಗೂ ಮೊದಲ ದಿನ ಒಂದೇ ತೆರನಾಗಿ ತೋರಬಹುದು. ಕೆಲವು ತಿಂಗಳ ಬಳಿಕ ಒಂದು ಕುಸಿದಿರುತ್ತದೆ. ಎಡಬಲದ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕೆಂಬ ನಿಯಮವನ್ನೂ ಮರೆಯಕೂಡದು. ಇಲ್ಲವಾದರೆ ಕಾರು ಒಂದು ಕಡೆಗೆ ವಾಲುತ್ತದೆ.

"ಕಾರು ಓಡಿದರಾಯಿತು, ಇಷ್ಟು ಶ್ರಮವೇಕೆ?" ಎಂದು ಕೆಲವರು ಕೇಳಿಯಾರು. ಅತಿ ಬಿಗಿಯಾದ ಸ್ಪ್ರಿಂಗು ರಸ್ತೆಯ ಪೆಟ್ಟುಗಳನ್ನೆಲ್ಲ ಅರುವತ್ತು ವರ್ಷದ ಒಡಲಿಗೆ ದಾಟಿಸುತ್ತದೆ. ಅತಿ ಸಡಿಲವಾದದ್ದು ತಿರುವಿನಲ್ಲಿ ಅಪಾಯಕಾರಿ. ಅದಕ್ಕಿಂತ ಮಿಗಿಲಾದ ಕಾರಣವೂ ಒಂದುಂಟು. ೨೦೨೧ರಲ್ಲಿ ಕೇಂದ್ರ ಸರ್ಕಾರವು ೫೦ ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮಗಳನ್ನು ಹೊರಡಿಸಿತು. ಚಾಸಿ, ಒಡಲು, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದೆಂದು ಅವು ವಿಧಿಸುತ್ತವೆ. ಸ್ಪ್ರಿಂಗಿನ ಹೆಸರನ್ನು ಅಲ್ಲಿ ಎತ್ತಿಲ್ಲ. ಆದರೆ ಅಂದಿನ ಎಂಜಿನಿಯರರು ಅಂದಿನ ರಸ್ತೆಗಳಿಗೆ ತಕ್ಕಂತೆ ಕಾರಿಗೆ ಕೊಟ್ಟ ನಡೆ ಉಳಿದಿರುವುದು ಸ್ಪ್ರಿಂಗಿನ ಬಿಗಿತದಲ್ಲಿ. ಬಣ್ಣವನ್ನು ಉಳಿಸಿ ನಡೆಯನ್ನು ಕಳೆದುಕೊಂಡ ಕಾರು ಅರ್ಧ ಮಾತ್ರ ಉಳಿದಂತೆ.

ಈ ಕೆಲಸದಲ್ಲಿ ವಿದ್ಯಾರ್ಥಿಗಳಿಗೂ ಪಾಲುಂಟು. ಪ್ರಯೋಗಶಾಲೆಯಲ್ಲಿ ತೂಕಗಳನ್ನು ನೇತುಹಾಕಿ ಹುಕ್ಕನ ನಿಯಮವನ್ನು ಪರೀಕ್ಷಿಸದ ವಿಜ್ಞಾನ ವಿದ್ಯಾರ್ಥಿ ಇರಲಾರನು. ಕಾರಿನಿಂದ ಸ್ಪ್ರಿಂಗನ್ನು ಬಿಚ್ಚುವ ಸಾಹಸವನ್ನು ಮಾತ್ರ ಅವರು ಮಾಡಕೂಡದು. ಒತ್ತಿಹಿಡಿದ ಸುರುಳಿ ಸಿಡಿದರೆ ಪ್ರಾಣಾಪಾಯವುಂಟು. ಅದನ್ನು ತಕ್ಕ ಉಪಕರಣವಿರುವ ನುರಿತ ಮೆಕ್ಯಾನಿಕ್ಕನೇ ಬಿಚ್ಚಲಿ. ಬಿಚ್ಚಿದ ಮೇಲೆ ಕ್ಯಾಲಿಪರು ಹಿಡಿದು ಅಳೆಯುವುದು, ಎಂಜಿನಿಯರಿಂಗ್ ಕಾಲೇಜಿನ ಪರೀಕ್ಷಾಯಂತ್ರದಲ್ಲಿ ಒತ್ತಿಸಿ ಬಿಗಿತವನ್ನು ಗುರುತಿಸುವುದು, ಕಾರಿನ ಮಾದರಿ ಮತ್ತು ವರ್ಷದೊಡನೆ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು, ಇವೆಲ್ಲವೂ ವಿದ್ಯಾರ್ಥಿಗಳ ಕೈಗೆ ಎಟಕುವ ಕೆಲಸಗಳೇ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹಳೆಯ ಕಾರೊಂದಿದ್ದು, ಅದರ ಸ್ಪ್ರಿಂಗನ್ನು ಬದಲಾಯಿಸುವ ದಿನ ಬಂದರೆ, ಹಳೆಯದನ್ನು ಕೇಳಿ ಪಡೆದು ಮೊದಲು ಅಳೆಯಿರಿ. ಆ ನಾಲ್ಕು ಅಂಕಿಗಳು ಉಳಿದರೆ ಮುಂದೆ ಯಾವ ಒಳ್ಳೆಯ ಕಾರ್ಖಾನೆಯಾದರೂ ಆ ಸ್ಪ್ರಿಂಗನ್ನು ಮತ್ತೆ ಮಾಡಿಕೊಟ್ಟೀತು.