'ಚರ್ಚೆ ಇಲ್ಲಿಗೆ ಮುಕ್ತಾಯ' ಎನ್ನುವವರಿಗೆ

ಪತ್ರಿಕೆಗಳಲ್ಲಿ ಬರುವ ವಾಚಕರ ಪತ್ರಗಳನ್ನು ಮೂವತ್ತು ವರ್ಷಗಳಿಂದ ಬಿಡದೆ ಓದಿಕೊಂಡು ಬಂದವನು ನಾನು. ಅಲ್ಲಿ ಆಗಾಗ ಕಾಣಿಸುವ ಒಂದು ಸಾಲು ನನಗೆ ಬಾಯಿಪಾಠವಾಗಿಬಿಟ್ಟಿದೆ: 'ಈ ಕುರಿತ ಚರ್ಚೆಯನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ – ಸಂ.' ಎರಡು ವಾರ ಒಬ್ಬರಿಗೊಬ್ಬರು ಉತ್ತರ ಕೊಟ್ಟು, ಮಾತಿಗೆ ಕಾವು ಬಂದು, ಇನ್ನೇನು ವಿಷಯ ತಿಳಿದವರೊಬ್ಬರು ಬಾಯಿ ಬಿಡುತ್ತಾರೆ ಅನ್ನುವಷ್ಟರಲ್ಲಿ ಕೊನೆಯ ಪತ್ರದ ಕೆಳಗೆ ಆ ಸಾಲು ಬಂದು ಕೂರುತ್ತದೆ.

ಸಂಪಾದಕರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗಿರುವುದು ಅರ್ಧ ಪುಟ, ನಾಳೆ ಬರುವುದು ಬೇರೆ ಸುದ್ದಿ. ನನ್ನ ತಕರಾರಿರುವುದು ಆ ಸಾಲು ಪತ್ರಿಕೆಯಿಂದ ಎದ್ದು ಹೊರಗೆ ಬಂದು, ಜಾಗದ ಕೊರತೆಯೇ ಇಲ್ಲದ ಕಡೆಗಳಲ್ಲೂ ಬೀಗ ಜಡಿಯುತ್ತಿರುವುದರ ಬಗ್ಗೆ. ವಿಚಾರಸಂಕಿರಣದಲ್ಲಿ ಯಾರಾದರೂ ಹಳೆಯ ಪ್ರಶ್ನೆ ಎತ್ತಿದರೆ ಅಧ್ಯಕ್ಷರು ಗಡಿಯಾರ ನೋಡಿ 'ಅದು ಮುಗಿದ ವಿಷಯ' ಅನ್ನುತ್ತಾರೆ. ಸಾಹಿತ್ಯದ ಗೆಳೆಯರು ಸೇರಿದಲ್ಲಿ 'ಮತ್ತೆ ಅದನ್ನೇ ಯಾಕೆ ಕೆದಕ್ತೀರಿ ಮಾರಾಯ್ರೆ' ಎಂಬ ಮಾತು ಬರುತ್ತದೆ. ಹೀಗೆ ಹೇಳುವವರು ತಮ್ಮನ್ನು ಶಾಂತಿಪ್ರಿಯರೆಂದು ತಿಳಿದುಕೊಂಡಿರುತ್ತಾರೆ.

ಅವರನ್ನು ದೂರುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾನು ಕನ್ನಡ ಮೇಷ್ಟ್ರು. ಪದವಿ ತರಗತಿಯಲ್ಲಿ ಶಾಸನಗಳ ಪಾಠ ಬಂದಾಗಲೆಲ್ಲ 'ಕನ್ನಡದ ಮೊದಲ ಶಾಸನ ಹಲ್ಮಿಡಿ, ಸುಮಾರು ಕ್ರಿ.ಶ. 450' ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಶಿಕಾರಿಪುರದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, 'ಸರ್, ನಮ್ಮ ತಾಳಗುಂದದಲ್ಲಿ ಅದಕ್ಕಿಂತ ಹಳೇದು ಸಿಕ್ಕಿದೆಯಂತಲ್ಲ?' ಎಂದು ಕೇಳಿದಳು. ನನಗೆ ಗೊತ್ತಿತ್ತು, ಪೇಪರಿನಲ್ಲಿ ಓದಿದ್ದೆ. ಆದರೂ ನಾನು ಹೇಳಿದ್ದು ಇಷ್ಟು: 'ಅದನ್ನೆಲ್ಲ ವಿದ್ವಾಂಸರು ನೋಡಿಕೊಳ್ತಾರಮ್ಮ. ಪರೀಕ್ಷೆಯಲ್ಲಿ ಹಲ್ಮಿಡಿ ಅಂತಲೇ ಬರಿ.' ಬರೆದಳು. ಅಂಕವೂ ಬಂತು. ಆದರೆ ಆ ವರ್ಷ ಪೂರ್ತಿ ನನ್ನ ತರಗತಿಯಲ್ಲಿ ಅವಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ನಾನು ಅಂದು ಬೀಗ ಹಾಕಿದ್ದು ಎಂಥ ಬಾಗಿಲಿಗೆ ನೋಡಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲನ್ನು ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದರ ಮೇಲೆ ಇಸವಿಯಿಲ್ಲ. ಕಾಲ ನಿರ್ಣಯವಾದದ್ದು ಮುಖ್ಯವಾಗಿ ಲಿಪಿ, ಭಾಷೆಗಳನ್ನು ನೋಡಿ. ಅದಕ್ಕೆ ಮುಂಚೆ ಕನ್ನಡದ ಹಳೆಯ ಶಾಸನ ಯಾವುದೆಂದರೆ ಬಾದಾಮಿಯ ಕಡೆಗೆ, ಮಂಗಳೇಶನ ಕಾಲದ 578ರ ಶಾಸನದ ಕಡೆಗೆ ಬೆರಳು ತೋರಿಸುತ್ತಿದ್ದರು. ಅಂದು ಯಾರಾದರೂ 'ಬಾದಾಮಿಗೇ ಮುಕ್ತಾಯ' ಎಂದು ಷರಾ ಬರೆದಿದ್ದರೆ ಹಲ್ಮಿಡಿ ನಮ್ಮ ಪಠ್ಯಪುಸ್ತಕಕ್ಕೆ ಬರುತ್ತಲೇ ಇರಲಿಲ್ಲ. ಮುಂದೆ ತಾಳಗುಂದದ ಪ್ರಣವೇಶ್ವರ ಗುಡಿಯ ಬಳಿ 2013ರಲ್ಲಿ ನಡೆದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಬರಹ ಸಿಕ್ಕಿತು, ಅದು ಕ್ರಿ.ಶ. 370ರ ಸುಮಾರಿನದೆಂಬ ವಾದ ಬಂತು. ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ಅಂದರೆ ಹಲ್ಮಿಡಿಯೇ ಒಂದು ಹಳೆಯ ಚರ್ಚೆಯನ್ನು ಮತ್ತೆ ತೆರೆದು ಬಂದ ಕಲ್ಲು. ಅದನ್ನೇ ತಂದು ನಾನು ಬಾಗಿಲಿಗೆ ಅಡ್ಡ ಇಟ್ಟಿದ್ದೆ.

ಬೀಗದ ಪರವಾಗಿರುವವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಪ್ರತಿ ನವೆಂಬರಿನಲ್ಲಿ ನನ್ನ ಮೊಬೈಲಿಗೆ ಒಂದು ಸಂದೇಶ ಬರುತ್ತದೆ: ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ, ಎಲ್ಲರಿಗೂ ಹಂಚಿ ಎಂದು. ಕಳಿಸುವವರು ಅದನ್ನು ನಿನ್ನೆ ತಾನೇ ಅಗೆದು ತೆಗೆದಂತೆ ಕಳಿಸುತ್ತಾರೆ. ಆಕ್ಸಿರಿಂಕಸ್‌ನ ಆ ಪಪೈರಸ್ ಅಚ್ಚಾದದ್ದು 1903ರಲ್ಲಿ. ಭಾರತದ ಕರಾವಳಿಯ ಅರಸನೊಬ್ಬನ ಸೆರೆಯಲ್ಲಿದ್ದ ಗ್ರೀಕ್ ಹೆಣ್ಣು, ಅರಸನಿಗೆ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುವ ಅಣ್ಣ, ನಡುವೆ ಅರ್ಥವಾಗದ ಮಾತುಗಳು. ಆ ಮಾತುಗಳು ಕನ್ನಡವಿರಬಹುದು ಎಂದು ಮರುವರ್ಷವೇ ಹುಲ್ಷ್ ಎಂಬ ಜರ್ಮನ್ ವಿದ್ವಾಂಸ ಬರೆದ. ನಮ್ಮ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. 1926ರಲ್ಲಿ ಬಾರ್ನೆಟ್ ಒಪ್ಪಲಿಲ್ಲ. ಈ ಹಾದಿಯಲ್ಲಿ ಯಾರು ಯಾವ ಮಾತನ್ನು ಹೇಗೆ ಬಿಡಿಸಿದರು, ಯಾರು ಯಾಕೆ ತಲೆಯಾಡಿಸಲಿಲ್ಲ ಎಂಬುದು ಆ ಸಂದೇಶದಲ್ಲಿ ಒಂದಕ್ಷರವೂ ಇರುವುದಿಲ್ಲ. ಇದು ಹಳೆಯ ಚರ್ಚೆಗೆ ಜೀವ ಕೊಡುವುದಲ್ಲ; ಹಳಸಿದ್ದನ್ನು ಬಿಸಿ ಮಾಡಿ ಹಬ್ಬದ ಎಲೆಗೆ ಬಡಿಸುವುದು.

ಆದರೆ ಇದಕ್ಕೆ ಮದ್ದು ಬೀಗವೇ? ಬೀಗ ಹಾಕಿದ ಕಡೆ ಚರ್ಚೆ ಸಾಯುವುದಿಲ್ಲ. ಎದ್ದು ಪಕ್ಕದ ಬೀದಿಗೆ ಹೋಗುತ್ತದೆ, ಅಲ್ಲಿ ಅ ಆ ಇ ಈ ಇಂದ ಶುರುವಾಗುತ್ತದೆ. ಹೋಗುವಾಗ ತಾನು ಅಷ್ಟು ವರ್ಷ ಗಳಿಸಿದ್ದನ್ನೆಲ್ಲ ಬೀಗದೊಳಗೇ ಬಿಟ್ಟು ಹೋಗುತ್ತದೆ. ಹುಲ್ಷ್ ಮತ್ತು ಬಾರ್ನೆಟ್ ಇಬ್ಬರೂ ನಮ್ಮ ಪಾಠಗಳಲ್ಲಿ, ನಮ್ಮ ಜನಪ್ರಿಯ ಬರಹಗಳಲ್ಲಿ ಒಟ್ಟಿಗೆ ಕಾಣಸಿಗುವಂತಿದ್ದರೆ ಆ ನವೆಂಬರಿನ ಸಂದೇಶಕ್ಕೆ ಇಷ್ಟು ಕಾಲು ಬರುತ್ತಿರಲಿಲ್ಲ. ಅರೆಬರೆ ಮಾತುಗಳು ಹಬ್ಬುವುದು ಚರ್ಚೆ ಹೆಚ್ಚಾಗಿ ಅಲ್ಲ, ಹಳೆಯ ಚರ್ಚೆ ಕೈಗೆ ಸಿಗದೆ.

'ಸರಿ, ಹೊಸ ಆಧಾರ ಸಿಕ್ಕರೆ ಮಾತ್ರ ತೆರೆಯೋಣ' ಎಂದು ಮಧ್ಯದ ದಾರಿ ಹಿಡಿಯುವವರಿದ್ದಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕವಿರಾಜಮಾರ್ಗದ ಕತೆ ನೋಡಿ. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದಾಗ ಕರ್ತೃ ರಾಷ್ಟ್ರಕೂಟರ ದೊರೆ ನೃಪತುಂಗನೇ ಎಂದರು. ನಮ್ಮ ಅಜ್ಜಂದಿರು ಶಾಲೆಯಲ್ಲಿ ಓದಿದ್ದೂ ಅದನ್ನೇ. ಇಂದು ಬಹುಪಾಲು ವಿದ್ವಾಂಸರು ಶ್ರೀವಿಜಯನ ಹೆಸರು ಹೇಳುತ್ತಾರೆ. ಈ ಬದಲಾವಣೆ ಯಾವುದೋ ಹೊಸ ಕಲ್ಲು ಸಿಕ್ಕಿ ಆದದ್ದಲ್ಲ. ಕೃತಿ ತನ್ನನ್ನು ನೃಪತುಂಗದೇವನ 'ಅನುಮತ' ಎಂದು ಕರೆದುಕೊಳ್ಳುತ್ತದೆ. ಆ ಪದ ಪಾಠಕರ ಕಣ್ಣೆದುರಿಗೂ ಇತ್ತು. ದೊರೆ ಒಪ್ಪಿದ್ದು ಬೇರೆ, ದೊರೆ ಬರೆದದ್ದು ಬೇರೆ ಅಲ್ಲವೇ ಎಂದು ಯಾರೋ ಮತ್ತೆ ನಿಧಾನವಾಗಿ ಓದಿದರು. ಓದಿನ ಮೇಲೆ ಓದು ಬಿದ್ದು, ಜಗಳದ ಮೇಲೆ ಜಗಳ ನಡೆದು, ದೊರೆಯ ನೆರಳಲ್ಲಿ ಮರೆಯಾಗಿದ್ದ ಕವಿಯೊಬ್ಬ ಹೊರಗೆ ಬಂದ. ಹೊಸ ಆಧಾರವೇ ಬೇಕೆಂದು ಪಟ್ಟು ಹಿಡಿದಿದ್ದರೆ ಆತ ಇವತ್ತಿಗೂ ಒಳಗೇ ಇರುತ್ತಿದ್ದ.

ಇನ್ನು ಕೆಲವರು ಕೋರ್ಟಿನ ಉದಾಹರಣೆ ಕೊಡುತ್ತಾರೆ: ತೀರ್ಪಾದ ಮೇಲೆ ಮುಗಿಯಿತು, ಇಲ್ಲದಿದ್ದರೆ ಲೋಕ ನಡೆಯುವುದು ಹೇಗೆ? ನಿಜ, ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮು ಒಮ್ಮೆ ಇತ್ಯರ್ಥವಾದ ವಿಷಯವನ್ನು ಅದೇ ಪಕ್ಷಗಾರರು ಮತ್ತೆ ಎತ್ತದಂತೆ ತಡೆಯುತ್ತದೆ. ಆದರೆ ಅದೇ ಸಂಹಿತೆಯ 47ನೇ ಆದೇಶ, ಆಗ ಎಷ್ಟು ಪ್ರಯತ್ನಪಟ್ಟರೂ ಸಿಗದಿದ್ದ ಸಾಕ್ಷ್ಯ ಈಗ ಸಿಕ್ಕಿದರೆ, ತೀರ್ಪಿನಲ್ಲಿ ಕಣ್ಣಿಗೆ ಹೊಡೆಯುವ ತಪ್ಪಿದ್ದರೆ, ಮರುಪರಿಶೀಲನೆ ಕೇಳಬಹುದು ಎನ್ನುತ್ತದೆ. ಗಟ್ಟಿ ಬೀಗ ಹಾಕುವ ಕಾನೂನೇ ಒಂದು ಕಿಟಕಿ ಬಿಟ್ಟಿದೆ. ಹೊಲದ ಬದುವಿನ ವ್ಯಾಜ್ಯಕ್ಕೆ ಕೊನೆ ಬೇಕು, ಯಾಕೆಂದರೆ ಎರಡು ಮನೆಯವರು ಉತ್ತು ಬಿತ್ತಿ ಬದುಕಬೇಕು. ಕವಿರಾಜಮಾರ್ಗ ಬರೆದವರು ಯಾರೆಂಬ ಪ್ರಶ್ನೆ ಇನ್ನೂ ನೂರು ವರ್ಷ ತೆರೆದಿದ್ದರೆ ಯಾರ ಹೊಲ ಬೀಳು ಬೀಳುತ್ತದೆ?

ಹಾಗಾದರೆ ಯಾರು ಬೇಕಾದರೂ ಬಂದು ಏನು ಬೇಕಾದರೂ ಕೆದಕಬಹುದೇ? ಬರಲಿ, ಆದರೆ ಮೂರು ಕೆಲಸ ಮಾಡಿ ಬರಲಿ. ಮೊದಲನೆಯದು, ಹಿಂದಿನವರು ಏನು ಹೇಳಿದ್ದಾರೆಂದು ಓದಿರಬೇಕು. ಕೊನೆಯ ಪುಟವನ್ನಷ್ಟೇ ಅಲ್ಲ, ಸೋತವರ ವಾದವನ್ನೂ. ಎರಡನೆಯದು, ತಾನು ತಂದಿರುವುದೇನು ಎಂದು ಮೊದಲ ಮಾತಿನಲ್ಲೇ ಹೇಳಬೇಕು: ಹೊಸ ಕಲ್ಲೋ, ಹೊಸ ಓದೋ, ಅಥವಾ ಹಿಂದಿನವರ ಲೆಕ್ಕದಲ್ಲಿ ಕಂಡ ತಪ್ಪೋ. ಮೂರನೆಯದು, ಹಳೆಯ ಚರ್ಚೆ ಎಲ್ಲಿ ನಿಂತಿದೆಯೋ ಅದರ ಹೆಸರು ಹೇಳಿ, ಅದರ ಬಾಲಕ್ಕೇ ತನ್ನದನ್ನು ಕಟ್ಟಬೇಕು. ಮುಂದೆ ಬರುವವನಿಗೆ ಎರಡೂ ಒಟ್ಟಿಗೆ ಸಿಗಲಿ. ಈ ಮೂರನ್ನು ಮಾಡಿದವನು ನಲವತ್ತು ವರ್ಷದ ಹಿಂದಿನ ಮಾತನ್ನು ಎತ್ತಿದರೂ ಅವನನ್ನು ಕೆದಕುವವನು ಎನ್ನಬೇಡಿ. ಮಾಡದವನಿಗೆ 'ಓದಿಕೊಂಡು ಬನ್ನಿ' ಎಂದು ಹೇಳಿ. 'ಮುಗಿದಿದೆ' ಎಂದು ಹೇಳಬೇಡಿ. ಮೊದಲ ಮಾತು ಅವನನ್ನು ಪುಸ್ತಕದ ಕಡೆಗೆ ಕಳಿಸುತ್ತದೆ, ಎರಡನೆಯದು ಮನೆಗೆ.

ಅವತ್ತು ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದೂ ಅದೇ. 'ಹೌದಮ್ಮ, ಸಿಕ್ಕಿದೆ. ನಿಮ್ಮೂರಿನ ಹತ್ತಿರವೇ ಅಲ್ಲವೇ, ಹೋಗಿ ನೋಡಿ ಬಾ. ಯಾರು ಒಪ್ಪಿದ್ದಾರೆ, ಯಾರು ಒಪ್ಪಿಲ್ಲ ಓದಿಕೊಂಡು ಬಂದು ಮುಂದಿನ ವಾರ ನೀನೇ ಪಾಠ ಮಾಡು.' ಹೇಳಲು ಅರ್ಧ ನಿಮಿಷ ಸಾಕಿತ್ತು. ಈಗ ಪ್ರತಿ ವರ್ಷ ಹೇಳುತ್ತೇನೆ, ಬೇರೆ ಹುಡುಗರಿಗೆ. ಬೋರ್ಡಿನ ಮೇಲೆ ಎರಡೂ ಊರಿನ ಹೆಸರು ಬರೆಯುತ್ತೇನೆ, ಅಡಿಗೆರೆ ಎಳೆಯುವುದಿಲ್ಲ.

ಸಂಪಾದಕರಿಗೂ ಒಂದು ವಿನಂತಿ. ಪುಟ ಸಾಲದಿದ್ದರೆ ನಿಲ್ಲಿಸಿ, ತಪ್ಪಿಲ್ಲ. ಆದರೆ ಆ ಹಳೆಯ ಸಾಲಿನ ಬದಲು ಹೀಗೆ ಬರೆಯಿರಿ: 'ಸದ್ಯಕ್ಕೆ ನಮ್ಮಲ್ಲಿ ಜಾಗವಿಲ್ಲ. ಹೇಳಲು ಹೊಸದೇನಾದರೂ ಸಿಕ್ಕರೆ, ಎಷ್ಟು ವರ್ಷದ ಮೇಲಾದರೂ ಸರಿ, ಬರೆಯಿರಿ – ಸಂ.'